ಬೇಡದೆ ಬಂದ ಚೆಲುವು

ಕ್ಯಾಮೆರಾ ಲೆನ್ಸ್‌ಗಳ ಚರಿತ್ರೆಯಲ್ಲಿ 2013 ವಿಚಿತ್ರವಾದ ವರ್ಷ. ಆ ವರ್ಷ ಜರ್ಮನಿಯ ಝೈಸ್ ಕಂಪನಿ ಓಟಸ್ ಎಂಬ 55 ಮಿ.ಮೀ. ಲೆನ್ಸನ್ನು ಮಾರುಕಟ್ಟೆಗೆ ತಂದಿತು. ಬೆಲೆ ಸುಮಾರು ನಾಲ್ಕು ಸಾವಿರ ಡಾಲರ್, ತೂಕ ಹೆಚ್ಚೂಕಡಿಮೆ ಒಂದು ಕಿಲೋ, ಆಟೋಫೋಕಸ್ ಇಲ್ಲ. ಚಿತ್ರದ ನಡುವಿನಿಂದ ಮೂಲೆಯವರೆಗೆ ಎಲ್ಲೂ ದೋಷ ಕಾಣಬಾರದು ಎಂಬುದೊಂದೇ ಅದರ ಹಟ. ಅದೇ ವರ್ಷ ಲೊಮೊಗ್ರಫಿ ಎಂಬ ಸಂಸ್ಥೆ, 1840ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದ ಪೆಟ್ಸ್‌ವಾಲ್ ಲೆನ್ಸನ್ನು ಹಿತ್ತಾಳೆಯ ಮೈಯೊಂದಿಗೆ ಮತ್ತೆ ತಯಾರಿಸುತ್ತೇವೆ, ಮುಂಗಡ ಹಣ ಕೊಡಿ ಎಂದು ಕಿಕ್‌ಸ್ಟಾರ್ಟರ್‌ನಲ್ಲಿ ಜನರನ್ನು ಕೇಳಿತು. ಕೇಳಿದ್ದು ಒಂದು ಲಕ್ಷ ಡಾಲರ್, ಬಂದದ್ದು ಹದಿಮೂರು ಲಕ್ಷಕ್ಕೂ ಹೆಚ್ಚು. ಈ ಲೆನ್ಸ್ ನಡುವೆ ಮಾತ್ರ ಚೊಕ್ಕ. ಅಂಚಿಗೆ ಹೋದಂತೆ ಹಿನ್ನೆಲೆಯ ಎಲೆ, ಬೆಳಕಿನ ಚುಕ್ಕೆಗಳೆಲ್ಲ ಸುಳಿಯಲ್ಲಿ ಸಿಕ್ಕಂತೆ ತಿರುಗುತ್ತವೆ. ಒಂದೇ ವರ್ಷದಲ್ಲಿ ದೋಷವಿಲ್ಲದ ಲೆನ್ಸಿಗೂ ಜನ ಮುಗಿಬಿದ್ದರು, ದೋಷವೇ ಬಂಡವಾಳವಾದ ಲೆನ್ಸಿಗೂ ಮುಗಿಬಿದ್ದರು. ಹಾಗಾದರೆ ಛಾಯಾಗ್ರಹಣದ ಹುಚ್ಚಿರುವವರು ಲೆನ್ಸಿನಲ್ಲಿ ಮೆಚ್ಚುವುದಾದರೂ ಏನನ್ನು? ಓಟಸ್ಸಿನ ಮೆಚ್ಚುಗೆಗೆ ವಿವರಣೆ ಬೇಕಿಲ್ಲ, ಅದು ಕೆಲಸ ಚೆನ್ನಾಗಿ ಮಾಡುತ್ತದೆ. ವಿವರಣೆ ಬೇಕಿರುವುದು ಇನ್ನೊಂದಕ್ಕೆ. ನನ್ನ ಉತ್ತರ ಇದು: ಹಳೆಯ ಲೆನ್ಸಿನ ‘ಗುಣ’ ಎಂದು ಕೊಂಡಾಡುವುದು ಬಹುಮಟ್ಟಿಗೆ ಒಂದು ಕಾಲದ ಕಷ್ಟಕ್ಕೆ ಅದರ ವಿನ್ಯಾಸಕಾರ ತೆತ್ತ ಬೆಲೆ. ಕಷ್ಟ ತೀರಿಹೋಗಿದೆ, ತೆತ್ತ ಬೆಲೆಯ ಗುರುತು ಗಾಜಿನಲ್ಲಿ ಉಳಿದಿದೆ, ಆ ಗುರುತಿಗೇ ಈಗ ದುಡ್ಡು.

ಲೆನ್ಸಿನ ವಿನ್ಯಾಸವೆಂದರೆ ಗಿಡ್ಡ ಕಂಬಳಿ ಹೊದ್ದಂತೆ. ತಲೆಗೆ ಎಳೆದರೆ ಕಾಲು ಹೊರಗೆ. ಗೋಳಾಕಾರಕ್ಕೆ ಉಜ್ಜಿದ ಗಾಜು ತನ್ನ ಅಂಚಿನಲ್ಲಿ ಹಾದ ಕಿರಣವನ್ನೂ ನಡುವೆ ಹಾದ ಕಿರಣವನ್ನೂ ಒಂದೇ ಬಿಂದುವಿಗೆ ತರುವುದಿಲ್ಲ. ಕೆಂಪು, ನೀಲಿ ಬೆಳಕು ಬೇರೆ ಬೇರೆ ಕಡೆ ಸೇರುತ್ತವೆ. ಚಿತ್ರ ಮೂಡುವ ಮೇಲ್ಮೈ ಬೋಗುಣಿಯಂತೆ ಬಾಗಿರುತ್ತದೆ, ಫಿಲ್ಮು ಮಾತ್ರ ಚಪ್ಪಟೆ. ಕಿಂಡಿಯನ್ನು, ಅಂದರೆ ಅಪರ್ಚರನ್ನು, ದೊಡ್ಡದು ಮಾಡಿದಷ್ಟೂ ಈ ತಾಪತ್ರಯಗಳೆಲ್ಲ ಉಲ್ಬಣಿಸುತ್ತವೆ. ಛಾಯಾಗ್ರಹಣ ಹುಟ್ಟಿದ ಹೊಸತರಲ್ಲಿ ಬೇಕಾಗಿದ್ದದ್ದು ದೊಡ್ಡ ಕಿಂಡಿಯೇ. ಆಗ ಚಿತ್ರ ಮೂಡುತ್ತಿದ್ದ ಡಾಗೆರೊಟೈಪ್ ಫಲಕಕ್ಕೆ ಬೆಳಕಿನ ಹಸಿವು ವಿಪರೀತ. ಆಗ ಬಳಕೆಯಲ್ಲಿದ್ದ ಷೆವಾಲಿಯೆ ಲೆನ್ಸಿನ ಕಿಂಡಿ ಎಫ್/15ರ ಆಸುಪಾಸಿನದು, ಅಂದರೆ ತೀರಾ ಕಿರಿದು. ಮನುಷ್ಯನ ಮುಖ ತೆಗೆಯಬೇಕೆಂದರೆ ಅವನು ಬಿಸಿಲಿನಲ್ಲಿ ನಿಮಿಷಗಟ್ಟಲೆ ಅಲುಗಾಡದೆ ಕೂರಬೇಕು. ಗಣಿತದ ಪ್ರಾಧ್ಯಾಪಕ ಯೋಸೆಫ್ ಪೆಟ್ಸ್‌ವಾಲ್ ಈ ಒಂದು ಕಷ್ಟವನ್ನು ಎದುರಿಗಿಟ್ಟುಕೊಂಡು ಲೆಕ್ಕ ಹಾಕಿದ. ಲೆಕ್ಕ ಎಷ್ಟು ದೊಡ್ಡದೆಂದರೆ, ಆಸ್ಟ್ರಿಯಾದ ಫಿರಂಗಿ ದಳದಿಂದ ಗುಣಾಕಾರ ಬಲ್ಲ ಸೈನಿಕರನ್ನು ಅವನ ನೆರವಿಗೆ ಕೊಡಲಾಯಿತು. ಬಂದ ಫಲ ಎಫ್/3.6. ಮೊದಲಿಗಿಂತ ಹದಿನೈದು ಪಟ್ಟಿಗೂ ಹೆಚ್ಚು ಬೆಳಕು. ನಿಮಿಷಗಳು ಸೆಕೆಂಡುಗಳಾದವು, ಭಾವಚಿತ್ರ ಎಂಬ ಉದ್ಯಮ ಹುಟ್ಟಿತು. ಇದಕ್ಕೆ ಪೆಟ್ಸ್‌ವಾಲ್ ಬಿಟ್ಟುಕೊಟ್ಟದ್ದು ಅಂಚುಗಳನ್ನು. ಮುಖ ಇರುವುದು ನಡುವೆ. ಅಂಚು ಕೆಟ್ಟರೆ ಕೆಡಲಿ. ಆ ಕಾಲದ ಸ್ಟುಡಿಯೊದಲ್ಲಿ ಕೂತವರ ಹಿಂದೆ ಇರುತ್ತಿದ್ದದ್ದು ಸಾದಾ ಬಟ್ಟೆ, ಅಲ್ಲಿ ಸುಳಿಯಾಗಲು ಏನೂ ಇರಲಿಲ್ಲ. ಮೂಲೆಗಳು ಅಂಡಾಕಾರದ ಚೌಕಟ್ಟಿನಡಿ ಅಡಗುತ್ತಿದ್ದವು. ಇಂದಿನವರು ಅದೇ ಲೆನ್ಸನ್ನು ಮರಗಳ ಎದುರಿಗೆ ಹಿಡಿದು, ಪೆಟ್ಸ್‌ವಾಲ್‌ನ ಗಿರಾಕಿಗಳು ಕಂಡೇ ಇರದ ಸುಳಿಯನ್ನು ಹೊರಗೆಳೆದು, ಇದು ಅವನ ಕಾಣಿಕೆ ಎನ್ನುತ್ತಾರೆ. ಅವನು ಕೇಳಿದ್ದರೆ ಮುಖ ಗಂಟಿಕ್ಕುತ್ತಿದ್ದನೇನೋ.

ಎರಡನೆಯ ಸಾಕ್ಷ್ಯ ಇನ್ನೂ ಸ್ವಾರಸ್ಯದ್ದು, ಏಕೆಂದರೆ ಅಲ್ಲಿ ಒಂದು ಒಳ್ಳೆಯ ವಿನ್ಯಾಸ ಅರ್ಧ ಶತಮಾನ ಮೂಲೆಗುಂಪಾಗಿತ್ತು. ಝೈಸ್‌ನ ಪೌಲ್ ರುಡಾಲ್ಫ್ 1896ರಲ್ಲಿ ಪ್ಲಾನಾರ್ ಎಂಬ ಲೆನ್ಸನ್ನು ರೂಪಿಸಿದ. ಆರು ಗಾಜು, ನಾಲ್ಕು ಗುಂಪು, ಎರಡೂ ಬದಿ ಹೆಚ್ಚೂಕಡಿಮೆ ಒಂದೇ ರೂಪ. ಕಾಗದದ ಮೇಲೆ ಅದು ಅಂದಿನ ಬೇರೆಲ್ಲ ಲೆನ್ಸ್‌ಗಳನ್ನು ಮೀರಿಸುವಂತಿತ್ತು. ಆದರೆ ಗಾಜು ಮತ್ತು ಗಾಳಿ ಕೂಡುವ ಪ್ರತಿಯೊಂದು ಮೇಲ್ಮೈಯೂ ಬೆಳಕಿನ ಶೇ 4ರಷ್ಟನ್ನು ಹಿಂದಕ್ಕೆ ಎಸೆಯುತ್ತದೆ. ಪ್ಲಾನಾರ್‌ನಲ್ಲಿ ಅಂಥ ಮೇಲ್ಮೈ ಎಂಟು. ಬೆಳಕು ಸೋರಿಹೋಗುವುದು ಸಣ್ಣ ನಷ್ಟ. ಹಾಗೆ ಹಿಂದಕ್ಕೆ ಹೋದ ಬೆಳಕು ಗಾಜುಗಳ ನಡುವೆ ಪುಟಿದಾಡಿ ಚಿತ್ರದ ಮೇಲೆಲ್ಲ ಮಂಜಿನಂತೆ ಹರಡುವುದು ದೊಡ್ಡ ನಷ್ಟ. ಹಾಗಾಗಿ ಅದೇ ರುಡಾಲ್ಫ್ 1902ರಲ್ಲಿ ಕೊಟ್ಟ ಟೆಸ್ಸಾರ್, ಬರಿಯ ನಾಲ್ಕು ಗಾಜಿನದು, ಆರೇ ಮೇಲ್ಮೈಯದು, ಜಗತ್ತನ್ನು ಗೆದ್ದಿತು. ಲುಡ್ವಿಗ್ ಬೆರ್ಟೆಲೆ 1930ರ ದಶಕದ ಆರಂಭದಲ್ಲಿ ರೂಪಿಸಿದ ಎಫ್/1.5ರ ಸೊನ್ನಾರ್ ಕೂಡ ಇದೇ ಲೆಕ್ಕಾಚಾರದ ಕೂಸು: ಏಳು ಗಾಜುಗಳನ್ನು ಮೂರು ಗುಂಪಾಗಿ ಅಂಟಿಸಿದರೆ ಗಾಳಿಗೆ ತಾಗುವ ಮೇಲ್ಮೈ ಆರಕ್ಕೇ ನಿಲ್ಲುತ್ತದೆ. ಸೊನ್ನಾರ್‌ನ ಹಿನ್ನೆಲೆ ಮೆತ್ತಗೆ ಕರಗುತ್ತದೆ, ಮುಖಕ್ಕೆ ಒಂದು ಕಳೆ ಬರುತ್ತದೆ ಎಂದು ಇಂದಿಗೂ ಅದರ ಭಕ್ತರು ಹೇಳುತ್ತಾರೆ. ಹೇಳುವುದು ನಿಜವೇ. ಆದರೆ ಅದಕ್ಕೆ ಕಾರಣ ಪ್ರತಿಫಲನದ ಹೆದರಿಕೆಯಿಂದ ಬೆರ್ಟೆಲೆ ಒಪ್ಪಿಕೊಂಡ ರಾಜಿ. 1935ರಲ್ಲಿ ಝೈಸ್‌ನದೇ ಅಲೆಕ್ಸಾಂಡರ್ ಸ್ಮಾಕುಲಾ ಗಾಜಿನ ಮೇಲೆ ತೆಳು ಲೇಪ ಹಾಕಿ ಪ್ರತಿಫಲನ ತಗ್ಗಿಸುವ ವಿಧಾನ ಕಂಡುಹಿಡಿದ. ಅಲ್ಲಿಂದ ಪ್ಲಾನಾರ್‌ನ ದಾರಿ ತೆರೆಯಿತು; ಮುಂದಿನ ದಶಕಗಳ ವೇಗದ 50 ಮಿ.ಮೀ. ಲೆನ್ಸ್‌ಗಳಲ್ಲಿ ಬಹುಪಾಲು ಅದರ ವಂಶದವೇ. ಮೊದಲು ಹೇಳಿದ ಓಟಸ್ಸಿನಲ್ಲಿ ಹನ್ನೆರಡು ಗಾಜು, ಹತ್ತು ಗುಂಪು, ಅಂದರೆ ಇಪ್ಪತ್ತು ಮೇಲ್ಮೈ. ಲೇಪ ಇರದಿದ್ದರೆ ಒಳಹೊಕ್ಕ ಬೆಳಕಿನ ಅರ್ಧಕ್ಕಿಂತ ಹೆಚ್ಚು ದಾರಿಯಲ್ಲೇ ಹಾಳಾಗುತ್ತಿತ್ತು. ಪರಿಪೂರ್ಣತೆಯೂ ಹೀಗೆ ಒಂದು ಕಾಲದ ತಾಂತ್ರಿಕ ಅನುಕೂಲವನ್ನು ಅವಲಂಬಿಸಿದ್ದು.

ಎರಡನೇ ಮಹಾಯುದ್ಧ ಮುಗಿದ ಮೇಲೆ ಝೈಸ್‌ನ ಯಂತ್ರಗಳೂ ನಕ್ಷೆಗಳೂ ಸೋವಿಯತ್ ಒಕ್ಕೂಟಕ್ಕೆ ಪರಿಹಾರದ ರೂಪದಲ್ಲಿ ಹೋದವು. ಸೊನ್ನಾರ್ ಅಲ್ಲಿ ಜುಪಿಟರ್ ಆಯಿತು. ಬಯೊಟಾರ್ ಎಂಬ 58 ಮಿ.ಮೀ. ಲೆನ್ಸು ಹೀಲಿಯೊಸ್-44 ಆಯಿತು. ಹೀಲಿಯೊಸ್ ಲಕ್ಷಾಂತರ ಸಂಖ್ಯೆಯಲ್ಲಿ ತಯಾರಾಗಿ, ಝೆನಿತ್ ಕ್ಯಾಮೆರಾದ ಜೊತೆಗೆ ಪುಕ್ಕಟೆ ಎಂಬಂತೆ ಬರುತ್ತಿದ್ದ ಸಾಮಾನು. ಅದಕ್ಕೂ ಹಿನ್ನೆಲೆಯನ್ನು ಸುಳಿಯಾಗಿಸುವ ಚಾಳಿ. ಆ ಸುಳಿಗಾಗಿ ಯಾರೂ ಅಂದು ಝೆನಿತ್ ಕೊಳ್ಳಲಿಲ್ಲ. ಅದು ಬೇಡಿಕೆಯ ವಸ್ತುವಾದದ್ದು ಡಿಜಿಟಲ್ ಯುಗದಲ್ಲಿ, ಅದಕ್ಕೆ ತೀರಾ ಲೌಕಿಕವಾದ ಕಾರಣವೂ ಇದೆ. 2013ರಲ್ಲೇ ಸೋನಿ ಎ7 ಬಂತು. ಒಳಗೆ ಕನ್ನಡಿ ಇಲ್ಲ, ಲೆನ್ಸ್ ಕೂರುವ ಬಳೆಯಿಂದ ಸೆನ್ಸರಿಗೆ 18 ಮಿ.ಮೀ. ಮಾತ್ರ ದೂರ. ಕನ್ನಡಿಯಿರುವ ನಿಕಾನ್ ಕ್ಯಾಮೆರಾದಲ್ಲಿ ಆ ದೂರ 46.5 ಮಿ.ಮೀ. ನಡುವೆ ಉಳಿದ ಜಾಗದಲ್ಲಿ ಒಂದು ಅಡಾಪ್ಟರ್ ಇಟ್ಟರೆ ಜಗತ್ತಿನ ಹಳೆಯ ಲೆನ್ಸ್‌ಗಳೆಲ್ಲ ಹೊಸ ಕ್ಯಾಮೆರಾಕ್ಕೆ ಕೂತವು. ಅಟ್ಟದ ಮೇಲಿನ ಗಾಜಿಗೆ ಬೆಲೆ ಬಂದದ್ದು ಸೌಂದರ್ಯಪ್ರಜ್ಞೆ ಏಕಾಏಕಿ ಅರಳಿದ್ದರಿಂದ ಎನ್ನುವವರು ಈ 28.5 ಮಿ.ಮೀ. ಖಾಲಿ ಜಾಗವನ್ನು ಮರೆಯುತ್ತಾರೆ.

ಇನ್ನು ಕತ್ತಲೆಯ ಲೆನ್ಸ್‌ಗಳು. ಲೈಕಾ ಹೆಸರು ಹೇಳಿದರೆ ಕಣ್ಣರಳಿಸುವವರು ನಾಕ್ಟಿಲಕ್ಸ್ ಎಂದಾಗ ದನಿ ತಗ್ಗಿಸುತ್ತಾರೆ. 1966ರ ಎಫ್/1.2 ನಾಕ್ಟಿಲಕ್ಸ್‌ನ ಎರಡು ಮೇಲ್ಮೈಗಳನ್ನು ಗೋಳವಲ್ಲದ ಆಕಾರಕ್ಕೆ ಕೈಯಿಂದ ಉಜ್ಜಬೇಕಿತ್ತು. ತಯಾರಾದದ್ದು ಎರಡು ಸಾವಿರಕ್ಕೂ ಕಡಿಮೆ. ದೀಪದ ಬೆಳಕಿನಲ್ಲಿ ಕೈಯಲ್ಲೇ ಹಿಡಿದು ಚಿತ್ರ ತೆಗೆಯುವುದು ಅಂದಿನ ಕಷ್ಟ, ಏಕೆಂದರೆ ವೇಗದ ಫಿಲ್ಮೆಂದರೆ ಸಾಮಾನ್ಯವಾಗಿ 400 ಐಎಸ್‌ಒ (ಬೆಳಕನ್ನು ಗ್ರಹಿಸುವ ಸಾಮರ್ಥ್ಯದ ಅಳತೆ). ಇಂದಿನ ಸಾಧಾರಣ ಕ್ಯಾಮೆರಾ 6400 ಐಎಸ್‌ಒದಲ್ಲಿ ನೋಡುವಂಥ ಚಿತ್ರ ಕೊಡುತ್ತದೆ. ಲೆಕ್ಕ ಹಾಕಿ: 400ರಲ್ಲಿ ಎಫ್/1.2 ಕೊಡುತ್ತಿದ್ದ ಶಟರ್ ವೇಗವನ್ನು 6400ರಲ್ಲಿ ಎಫ್/4.8 ಕೊಡುತ್ತದೆ. ಅಂದರೆ ಕ್ಯಾಮೆರಾದ ಪೆಟ್ಟಿಗೆಯಲ್ಲೇ ಬರುವ ಕಿಟ್ ಝೂಮ್ ಇಂದು ಅದೇ ಕತ್ತಲೆಯಲ್ಲಿ ಅದೇ ಕೆಲಸ ಮಾಡಬಲ್ಲದು. ಕತ್ತಲೆಯ ಕಷ್ಟ ತೀರಿದ ಮೇಲೆ ನಾಕ್ಟಿಲಕ್ಸ್‌ನಲ್ಲಿ ಉಳಿದದ್ದು ಕೂದಲೆಳೆಯಷ್ಟು ತೆಳುವಾದ ಫೋಕಸ್, ದೀಪಗಳ ಸುತ್ತಣ ಪ್ರಭೆ, ಮೂಲೆಗಳ ಮಬ್ಬು. 2021ರಲ್ಲಿ ಲೈಕಾ ಆ ಹಳೆಯ ವಿನ್ಯಾಸವನ್ನೇ ಮತ್ತೆ ಹೊರತಂದಿತು. ಈಗ ಯಂತ್ರ ಉಜ್ಜುತ್ತದೆ, ದೋಷಗಳನ್ನು ಮಾತ್ರ ಜೋಪಾನವಾಗಿ ಉಳಿಸಿಕೊಳ್ಳಲಾಗಿದೆ.

ಇದೇ ಸಾಲಿನ ಅತಿ ದೊಡ್ಡ ದಂತಕಥೆ ಝೈಸ್‌ನ 50 ಮಿ.ಮೀ. ಎಫ್/0.7. ನಾಸಾದ ಅಪೊಲೊ ಕಾರ್ಯಕ್ರಮಕ್ಕೆಂದು 1966ರಲ್ಲಿ ಹತ್ತೇ ಹತ್ತು ತಯಾರಾದವು. ಅವುಗಳಲ್ಲಿ ಮೂರು ಚಿತ್ರನಿರ್ದೇಶಕ ಸ್ಟ್ಯಾನ್ಲಿ ಕುಬ್ರಿಕ್‌ನ ಕೈಸೇರಿದವು. ಹಿಂಬದಿಯ ಗಾಜು ಫಿಲ್ಮಿಗೆ ತಾಗುವಷ್ಟು ಹತ್ತಿರ ಬರಬೇಕಾದ್ದರಿಂದ ಮಿಚೆಲ್ ಕ್ಯಾಮೆರಾವನ್ನೇ ಕೊರೆದು ಹೊಂದಿಸಬೇಕಾಯಿತು. 1975ರ ‘ಬ್ಯಾರಿ ಲಿಂಡನ್’ನಲ್ಲಿ ಮೇಣದ ಬತ್ತಿಯ ಬೆಳಕಲ್ಲೇ ತೆಗೆದ ದೃಶ್ಯಗಳು ಹೀಗೆ ಬಂದವು. ಲೆನ್ಸೊಂದೇ ಸಾಕಾಗಲಿಲ್ಲ, ಫಿಲ್ಮನ್ನು ಸಂಸ್ಕರಣೆಯಲ್ಲಿ ಒಂದು ಸ್ಟಾಪ್ ಹೆಚ್ಚಿಗೆ ತಳ್ಳಿದರು, ನೂರಾರು ಬತ್ತಿ ಉರಿಸಿದರು. ಫೋಕಸ್ ಅಷ್ಟು ತೆಳು ಇದ್ದುದರಿಂದ ನಟರು ಮುಂದೆ ಹಿಂದೆ ಸರಿಯುವಂತಿರಲಿಲ್ಲ. ಪಕ್ಕದಿಂದ ಒಂದು ವಿಡಿಯೊ ಕ್ಯಾಮೆರಾ ಇಟ್ಟು ಅವರು ನಿಂತ ದೂರವನ್ನು ಅಳೆಯುತ್ತ ಹೋದರು. ಆ ದೃಶ್ಯಗಳಲ್ಲಿ ಹದಿನೆಂಟನೇ ಶತಮಾನದ ವರ್ಣಚಿತ್ರದ ನಿಶ್ಚಲತೆ ಇದೆ ಎಂದು ಮೆಚ್ಚುತ್ತೇವಲ್ಲ, ಆ ನಿಶ್ಚಲತೆಯಲ್ಲಿ ಲೆನ್ಸಿನ ಕಟ್ಟುಪಾಡಿನ ಪಾಲೂ ಇದೆ. ಕುಬ್ರಿಕ್ ದೊಡ್ಡವನಾದದ್ದು ಆ ಕಟ್ಟುಪಾಡನ್ನು ಕತೆಯ ನಡೆಗೆ ಒಗ್ಗಿಸಿದ್ದರಿಂದ.

ಈ ವಾದಕ್ಕೆ ಗಟ್ಟಿಯಾದ ಆಕ್ಷೇಪವೊಂದಿದೆ. ಮೆದುತನವೆಲ್ಲ ಆಕಸ್ಮಿಕವಲ್ಲ, ಬೇಕೆಂದೇ ರೂಪಿಸಿದ ಲೆನ್ಸ್‌ಗಳೂ ಇವೆ ಎಂಬುದು. ಲೈಕಾದ ಮ್ಯಾಕ್ಸ್ ಬೆರೆಕ್ 1935ರಲ್ಲಿ ಥಾಂಬಾರ್ ಎಂಬ 90 ಮಿ.ಮೀ. ಲೆನ್ಸ್ ಮಾಡಿದ್ದೇ ಮುಖವನ್ನು ಮೃದುವಾಗಿಸಲು. ನಡುವಿನ ಚೊಕ್ಕ ಕಿರಣಗಳನ್ನು ತಡೆದು ಅಂಚಿನ ಕಿರಣಗಳನ್ನಷ್ಟೇ ಬಿಡುವ ಫಿಲ್ಟರೂ ಅದರ ಜೊತೆಗಿತ್ತು. ನಿಕಾನ್ 1990ರಲ್ಲಿ ತಂದ 135 ಮಿ.ಮೀ. ಡಿಸಿ ಲೆನ್ಸಿನಲ್ಲಿ ಒಂದು ಹೆಚ್ಚುವರಿ ಬಳೆ ಇದೆ. ತಿರುಗಿಸಿದರೆ ಫೋಕಸ್ಸಿನ ಹಿಂದಿನ ಅಥವಾ ಮುಂದಿನ ಮಬ್ಬು ಮೃದುವಾಗುತ್ತದೆ. ಇದರ ಹಿಂದೆ ಶುದ್ಧ ಭೌತಶಾಸ್ತ್ರವಿದೆ. ಗೋಳಾಕಾರದ ದೋಷವನ್ನು ಪೂರ್ತಿ ತಿದ್ದದೆ ಸ್ವಲ್ಪ ಉಳಿಸಿದರೆ ಹಿನ್ನೆಲೆಯ ಬೆಳಕಿನ ಬಿಲ್ಲೆಗಳ ಅಂಚು ಕರಗುತ್ತದೆ. ಅತಿಯಾಗಿ ತಿದ್ದಿದರೆ ಆ ಅಂಚು ಬಳೆಯಂತೆ ಎದ್ದು ಕಾಣುತ್ತದೆ. ಹಿನ್ನೆಲೆಯ ಈ ಮಬ್ಬಿಗೆ ಬೊಕೆ ಎಂದು ಜನ ತಲೆತೂಗುವುದು ಬರಿಯ ಭ್ರಮೆಯಲ್ಲ, ಅದನ್ನು ಅಳೆಯಬಹುದು. ಈ ಆಕ್ಷೇಪವನ್ನು ಒಪ್ಪುತ್ತೇನೆ, ಆದರೆ ಅದು ಎಷ್ಟು ದೂರ ಹೋಗುತ್ತದೆ ಎಂಬುದನ್ನೂ ನೋಡಬೇಕು. ಥಾಂಬಾರ್ ತಯಾರಾದದ್ದು ಮೂರು ಸಾವಿರದೊಳಗೆ. ಡಿಸಿ ಲೆನ್ಸಿನ ಆ ಬಳೆಯನ್ನು ಮುಟ್ಟದವರೂ ಇದ್ದರು. ಬೇಕೆಂದೇ ಮೆದುವಾಗಿಸಿದ ಇಂಥ ಲೆನ್ಸ್‌ಗಳು ತಮ್ಮ ಕಾಲದಲ್ಲಿ ಕೆಲವರ ಶೋಕಿಯಾಗಿ ಉಳಿದವು. ಜನಪ್ರಿಯವಾದ ಹೀಲಿಯೊಸ್, ಸೊನ್ನಾರ್, ಪೆಟ್ಸ್‌ವಾಲ್ ಮೂರರಲ್ಲೂ ಇಂದು ಮೆಚ್ಚುವ ಗುಣ ಯಾರ ಉದ್ದೇಶವೂ ಆಗಿರಲಿಲ್ಲ. ಪೆಂಟಾಕ್ಸ್‌ನ ಸೂಪರ್ ಟಕುಮಾರ್ 50 ಮಿ.ಮೀ. ಎಫ್/1.4 ಅಂತೂ ಇದರ ಪರಾಕಾಷ್ಠೆ. ಅದರ ಏಳು ಗಾಜಿನ ಮಾದರಿಯಲ್ಲಿ ಬೆಳಕನ್ನು ಹೆಚ್ಚು ಬಾಗಿಸಲೆಂದು ಥೋರಿಯಂ ಬೆರೆಸಿದ ಗಾಜಿದೆ, ಥೋರಿಯಂ ವಿಕಿರಣಶೀಲ, ಆ ವಿಕಿರಣದಿಂದಲೇ ಗಾಜು ದಶಕಗಳಲ್ಲಿ ಹಳದಿಗಟ್ಟುತ್ತದೆ. ಕೆಲವರು ಅದನ್ನು ಅತಿನೇರಳೆ ದೀಪದಡಿ ದಿನಗಟ್ಟಲೆ ಇಟ್ಟು ಹಳದಿ ಕಳೆಯುತ್ತಾರೆ. ಇನ್ನು ಕೆಲವರು ಆಹಾ, ಎಂಥ ಬೆಚ್ಚನೆಯ ಬಣ್ಣ ಎನ್ನುತ್ತಾರೆ.

ಮತ್ತೊಂದು ಆಕ್ಷೇಪ ಮಹಾನ್ ಚಿತ್ರಗಳನ್ನು ಮುಂದಿಡುತ್ತದೆ. ಸ್ಟೀವ್ ಮೆಕರಿ 1984ರಲ್ಲಿ ಪೆಶಾವರದ ಬಳಿಯ ನಿರಾಶ್ರಿತರ ಶಿಬಿರದಲ್ಲಿ ತೆಗೆದ, 1985ರ ಜೂನ್‌ನಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಮುಖಪುಟವಾದ ಹಸಿರು ಕಣ್ಣಿನ ಆಫ್ಘನ್ ಹುಡುಗಿಯ ಚಿತ್ರ ನಿಕಾನ್‌ನ ನಿಕ್ಕೋರ್ 105 ಮಿ.ಮೀ. ಎಫ್/2.5ರದು. ಆ ಲೆನ್ಸಿನ ಖ್ಯಾತಿಗೆ ಈ ಒಂದು ಚಿತ್ರ ಸಾಲದೇ? ಖ್ಯಾತಿಗೆ ಸಾಕು, ಗುಣಕ್ಕೆ ಪುರಾವೆಯಾಗಿ ಸಾಲದು. 105 ಒಳ್ಳೆಯ ಲೆನ್ಸ್. ಆದರೆ ನೆರಳಿನ ಮೆತ್ತನೆ ಬೆಳಕು, ಕೊಡಾಕ್ರೋಮ್ ಫಿಲ್ಮು, ಎಲ್ಲಕ್ಕಿಂತ ಮಿಗಿಲಾಗಿ ಆ ನೋಟ ಇರದೆ ಆ ಚಿತ್ರವಿಲ್ಲ. ನಿಕಾನ್ ಹೆಸರು ಪಶ್ಚಿಮಕ್ಕೆ ತಲುಪಿದ್ದೂ ಇಂಥದೇ ದಾರಿಯಲ್ಲಿ: ಲೈಫ್ ಪತ್ರಿಕೆಯ ಡೇವಿಡ್ ಡಗ್ಲಸ್ ಡಂಕನ್ 1950ರಲ್ಲಿ ಜಪಾನಿನ ಈ ಲೆನ್ಸ್‌ಗಳನ್ನು ಕಂಡು, ಕೊರಿಯಾ ಯುದ್ಧದ ಚಿತ್ರಗಳನ್ನು ಅವುಗಳಿಂದ ತೆಗೆದು, ಆ ವರ್ಷದ ಕೊನೆಗೆ ನ್ಯೂಯಾರ್ಕ್ ಟೈಮ್ಸ್ ಅದನ್ನು ವರದಿ ಮಾಡಿದ ಮೇಲೆ. ನಮ್ಮ ಮೈಸೂರಿನ ಛಾಯಾಗ್ರಾಹಕ ವಿ.ಕೆ. ಮೂರ್ತಿಯವರನ್ನೇ ತೆಗೆದುಕೊಳ್ಳಿ. 1959ರ ‘ಕಾಗಜ್ ಕೆ ಫೂಲ್’ ಭಾರತದ ಮೊದಲ ಸಿನೆಮಾಸ್ಕೋಪ್ ಚಿತ್ರ. ಹಾಗಾಗಿ ಆ ಅಗಲ ಪರದೆಯ ಲೆನ್ಸಿನ ಬಗ್ಗೆಯೇ ಮಾತಾಗಬೇಕಿತ್ತು. ಜನರ ನೆನಪಿನಲ್ಲಿ ಉಳಿದದ್ದು ಸ್ಟುಡಿಯೊದ ಕತ್ತಲನ್ನು ಸೀಳಿಕೊಂಡು ಇಳಿಯುವ ಬೆಳಕಿನ ಕಂಬ, ಅದನ್ನು ಮೂರ್ತಿಯವರು ಸೃಷ್ಟಿಸಿದ್ದು ಹೊರಗಿನ ಬಿಸಿಲನ್ನು ದೊಡ್ಡ ಕನ್ನಡಿಗಳಿಂದ ಒಳಕ್ಕೆ ತಿರುಗಿಸಿ.

ಒಳ್ಳೆಯ ಲೆನ್ಸಿಗೂ ಸಾಧಾರಣ ಲೆನ್ಸಿಗೂ ನಡುವಿನ ಅಂತರ ಜನ ಊಹಿಸಿದಷ್ಟು ಅಗಲವೂ ಅಲ್ಲ. ಕಿಂಡಿ ಕಿರಿದಾದಂತೆ ಬೆಳಕು ಅದರ ಅಂಚಿಗೆ ತಾಗಿ ಹರಡುತ್ತದೆ. ಶಾಲೆಯ ಭೌತಶಾಸ್ತ್ರದಲ್ಲಿ ವಿವರ್ತನೆ ಎಂದು ಓದಿದ್ದು ಇದನ್ನೇ. ಎಫ್/16ರಲ್ಲಿ ಪ್ರತಿ ಬಿಂದುವೂ ಸುಮಾರು 0.02 ಮಿ.ಮೀ. ಅಗಲದ ಬಿಲ್ಲೆಯಾಗುತ್ತದೆ. 45 ಮೆಗಾಪಿಕ್ಸೆಲ್‌ನ ಪೂರ್ಣ ಚೌಕಟ್ಟಿನ ಸೆನ್ಸರಿನಲ್ಲಿ ಒಂದು ಪಿಕ್ಸೆಲ್ ಸುಮಾರು 0.0044 ಮಿ.ಮೀ.; ಅಂದರೆ ಆ ಬಿಲ್ಲೆ ಐದು ಪಿಕ್ಸೆಲ್ ಅಗಲ. ಇದು ಪ್ರಕೃತಿಯ ನಿಯಮ, ನಾಲ್ಕು ಸಾವಿರ ಡಾಲರ್ ಕೊಟ್ಟರೂ ತಪ್ಪದು. 1990ರಿಂದ ಕಾಲು ಶತಮಾನ ಮಾರಾಟವಾದ ಕ್ಯಾನನ್‌ನ 130 ಗ್ರಾಂ ತೂಕದ ಪ್ಲಾಸ್ಟಿಕ್ 50 ಮಿ.ಮೀ. ಎಫ್/1.8ಕ್ಕೂ ಓಟಸ್ಸಿಗೂ ಅಲ್ಲಿ ಭೇದ ಕಾಣುವುದು ಕಷ್ಟ. ಅಂತರವೆಲ್ಲ ಇರುವುದು ಕಿಂಡಿಯನ್ನು ಪೂರ್ತಿ ತೆರೆದಾಗ. ಲೆನ್ಸ್ ಪ್ರೇಮಿಗಳು ಸದಾ ಪೂರ್ತಿ ತೆರೆದೇ ಚಿತ್ರ ತೆಗೆಯುವುದಕ್ಕೆ ಅರ್ಧ ಕಾರಣ ಇದೇ ಇರಬೇಕು. ಕೊಟ್ಟ ದುಡ್ಡು ಕಾಣುವುದು ಅಲ್ಲಿ ಮಾತ್ರ.

ಹಾಗಾದರೆ ಹೊಸದನ್ನೂ ದುಬಾರಿಯನ್ನೂ ಮೆಚ್ಚುವುದೆಲ್ಲ ಮೋಹವೇ ಎಂದು ಹಕ್ಕಿಯ ಚಿತ್ರ ತೆಗೆಯುವವರು ಕೇಳಿಯಾರು. ಅವರ ಪ್ರಶ್ನೆ ನನ್ನ ವಾದವನ್ನು ಗಟ್ಟಿಯೇ ಮಾಡುತ್ತದೆ. ರಂಗನತಿಟ್ಟಿನಲ್ಲಿ ಅಲುಗುವ ದೋಣಿಯಲ್ಲಿ ಕೂತು, ನೀರಿಗೆ ಎರಗುವ ರಿವರ್ ಟರ್ನ್ ಹಕ್ಕಿಯನ್ನು ಹಿಡಿಯಬೇಕೆಂದರೆ ಕಷ್ಟ ಇಂದಿಗೂ ತೀರಿಲ್ಲ. 600 ಮಿ.ಮೀ. ಎಫ್/4 ಎಂದರೆ ಮುಂಭಾಗದ ಗಾಜು ಕನಿಷ್ಠ 150 ಮಿ.ಮೀ. ಅಗಲ ಇರಲೇಬೇಕು, ಭಾಗಾಕಾರದಿಂದ ಬಂದ ಈ ಅಂಕೆಯನ್ನು ಯಾವ ಜಾಣ್ಮೆಯೂ ತಪ್ಪಿಸದು. ಆ ಅಗಲದ ಗಾಜಿನ ತೂಕವನ್ನು ಮಾತ್ರ ಸರಿಸಬಹುದು. ಕ್ಯಾನನ್‌ನ 600 ಮಿ.ಮೀ. ಎಫ್/4 1999ರಲ್ಲಿ 5.36 ಕಿಲೋ ಇತ್ತು. 2018ರ ಮೂರನೇ ಆವೃತ್ತಿ 3.05 ಕಿಲೋ. ಅಷ್ಟು ದುಡ್ಡಿಲ್ಲದವರಿಗೆ ಟ್ಯಾಮ್ರಾನ್‌ನ 150-600 ಮಿ.ಮೀ. ಝೂಮ್ ಎಫ್/6.3ಕ್ಕೆ ಇಳಿದು, ಅಂದರೆ ಎಫ್/4ಕ್ಕೆ ಹೋಲಿಸಿದರೆ ಬೆಳಕನ್ನು ಎರಡೂವರೆ ಪಟ್ಟು ಕಮ್ಮಿ ಮಾಡಿಕೊಂಡು, ಕೈಗೆಟಕುವ ಬೆಲೆಗೆ ಬಂತು. ಹಕ್ಕಿಯ ಹಿಂದೆ ಹೋಗುವ ಯಾರಾದರೂ 5.36 ಕಿಲೋದ ಹಳೆಯ ಲೆನ್ಸಿನ ‘ಗುಣ’ವನ್ನು ನೆನೆದು ನಿಟ್ಟುಸಿರಿಡುವುದುಂಟೆ? ಕಷ್ಟ ಜೀವಂತವಾಗಿರುವಲ್ಲಿ ಹಳೆಯ ದೋಷಕ್ಕೆ ಪ್ರೇಮಿಗಳಿಲ್ಲ. ಮುಖದ ಚಿತ್ರದಲ್ಲಿ ಕಷ್ಟ ತೀರಿ ಬಹಳ ಕಾಲವಾಯಿತು, ಅಲ್ಲಿ ಪ್ರೇಮಿಗಳ ಸಂತೆಯೇ ನೆರೆದಿದೆ.

ಈಗಿನ ವಿನ್ಯಾಸಕಾರರು ಬೇರೊಂದು ರಾಜಿಗೆ ಬಂದಿದ್ದಾರೆ. ಗೆರೆ ಬಾಗುವುದು, ಮೂಲೆ ಕಪ್ಪಾಗುವುದು ಇಂಥ ದೋಷಗಳನ್ನು ಗಾಜಿನಿಂದ ತಿದ್ದುವ ಗೋಜಿಗೆ ಹೋಗದೆ ತಂತ್ರಾಂಶಕ್ಕೆ ಬಿಡುತ್ತಾರೆ. ಕ್ಯಾನನ್‌ನ ಆರ್‌ಎಫ್ 24-240 ಮಿ.ಮೀ. ಝೂಮನ್ನು 24ರಲ್ಲಿ ಇಟ್ಟು, ತಿದ್ದದ ಕಡತವನ್ನು ತೆರೆದು ನೋಡಿದರೆ ನಾಲ್ಕೂ ಮೂಲೆ ಕಪ್ಪಗಿರುತ್ತವೆ; ಕ್ಯಾಮೆರಾ ಆ ಚಿತ್ರವನ್ನು ಎಳೆದು, ಕತ್ತರಿಸಿ, ನೇರ ಮಾಡಿಯೇ ನಮಗೆ ತೋರಿಸುತ್ತದೆ. ಇದನ್ನು ಮೋಸ ಎನ್ನುವವರಿದ್ದಾರೆ. ಪೆಟ್ಸ್‌ವಾಲ್ ಅಂಚನ್ನು ಬಿಟ್ಟುಕೊಟ್ಟದ್ದಕ್ಕೂ ಇದಕ್ಕೂ ತತ್ವದಲ್ಲಿ ಏನು ವ್ಯತ್ಯಾಸವೋ ನನಗೆ ಕಾಣದು. ಬೇಕಾದ್ದಕ್ಕಾಗಿ ಬೇಡವಾದ್ದನ್ನು ಬಿಡುವುದು ಎರಡೂ ಕಡೆ ನಡೆದಿದೆ. ವ್ಯತ್ಯಾಸ ಇರುವುದು ಗುರುತಿನಲ್ಲಿ. ಪೆಟ್ಸ್‌ವಾಲ್‌ನ ರಾಜಿ ಚಿತ್ರದ ಮೇಲೆ ಉಳಿಯಿತು, ಈ ರಾಜಿ ಚಿತ್ರ ಕಣ್ಣಿಗೆ ಬೀಳುವ ಮೊದಲೇ ಅಳಿಸಿಹೋಗುತ್ತದೆ. ಅರವತ್ತು ವರ್ಷದ ಮೇಲೆ ಯಾರಾದರೂ ಇಂದಿನ ಲೆನ್ಸೊಂದನ್ನು ಹುಡುಕಿ ತೆಗೆದರೆ ಅದರಲ್ಲಿ ಮೆಚ್ಚಲು ಅವರಿಗೆ ಯಾವ ಕೊರತೆ ಸಿಕ್ಕೀತು ಎಂಬುದು ಹೇಳಲಾಗದ ಮಾತು. ಸದ್ಯಕ್ಕಂತೂ ಕ್ಯಾನನ್‌ನದೇ 16 ಮಿ.ಮೀ. ಎಫ್/2.8, ಇದೇ ಉಪಾಯದಿಂದ, 165 ಗ್ರಾಂಗೆ ಇಳಿದಿದೆ. ಚಾರಣಕ್ಕೆ ಹೊರಟವರು ಅದನ್ನು ಜೇಬಿಗೆ ಹಾಕಿಕೊಂಡು ಬೆಟ್ಟ ಹತ್ತುತ್ತಾರೆ.